ಮೂರು ಸಲ ಸೀಲ್ ಹಾಕಿಸಿದ್ರೂ ಆಯಿಲ್ ಸೋರೂದು ನಿಂತಿಲ್ಲ, ಈಗೇನ್ ಮಾಡ್ಲಿ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಾನು ಮೂಲ ಬೆಳಗಾವಿಯವ, ಈಗ ಪುಣೆದಾಗ ವಾಕಡ್‌ಕ ಇರ್ತೀನಿ. ನಂದು ಹಳೇ ಮಾರುತಿ ಎಸ್ಟೀಮ್ ಕಾರು, 1298 ಸಿಸಿ 16 ವಾಲ್ವ್ ಇಂಜಿನ್. ಫೋರ್ಜ್ಡ್ (ಬಡದು ಮಾಡಿದ ಗಟ್ಟಿ) ಪಿಸ್ಟನ್ ಹಾಕಿ, ಇಂಜಿನ್ನಿಗೆ ಗಾಳಿ ಒತ್ತಿ ತುಂಬೂ ಟರ್ಬೊ ಕೂಡ್ರಿಸೀನಿ, ಬೂಸ್ಟ್ (ಆ ಗಾಳಿ ಒತ್ತಡ) 0.7 ಬಾರ್. ಓಡಾಕ ಬೆಂಕಿ ಐತಿ, ಆದ್ರ ಆಯಿಲ್ ಸೋರಿ ಸೋರಿ ಸಾಕಾಗೇತಿ. ಕ್ರ್ಯಾಂಕಿನ ಹಿಂದಿನ ಸೀಲ್ ಮೂರು ಸಲ ಬದಲಿ ಆತು, ಟ್ಯಾಪೆಟ್ ಕವರ್ ಪ್ಯಾಕಿಂಗ್ ಎರಡು ಸಲ. ಹೊಸಾದು ಹಾಕಿದ ಮ್ಯಾಲೆ ಒಂದು ವಾರ ಒಣಾ ಇರ್ತೈತಿ, ಲೋಣಾವಳಾ ಘಾಟ್ ಒಂದು ಸಲ ಹತ್ತಿ ಇಳದು ಬಂದ್ರ ಮತ್ತ ಶುರು. ಇಂಜಿನ್ ಹೊಗಿಯೊಳಗಿನ ಆಯಿಲ್ ಹಿಡಿಯೂ ಡಬ್ಬಿ, ಕ್ಯಾಚ್ ಕ್ಯಾನ್ ಅಂತಾರಲ್ಲ, ಅದನ್ನ ಸೈತ ಹಾಕ್ಸೀನಿ. ಸೊಸೈಟಿ ಚೇರ್ಮನ್ ಪಾರ್ಕಿಂಗ್‌ನ್ಯಾಗಿನ ಕಲಿ ಫೋಟೊ ತಗದು ವಾಟ್ಸಾಪ್ ಗ್ರೂಪಿಗೆ ಹಾಕ್ಯಾರ. ಗ್ಯಾರೇಜಿನವರು ಇಂಜಿನ್ ಇಳಿಸಿ ಪೂರಾ ಬಿಚ್ಚೂಣು ಅಂತಾರ. ಚಲೋ ಕಂಪನಿ ವೈಟಾನ್ (ಬಿಸಿ ತಡಿಯೂ ರಬ್ಬರ್) ಸೀಲ್ ತರಸ್ಲೇನ್ರಿ, 20ಡಬ್ಲ್ಯೂ-50 ಆಯಿಲ್ ಹಾಕ್ಲೇನ್ರಿ, ಇಲ್ಲಾ ಇಂಜಿನ್ ಬಿಚ್ಚಿಸ್ಲೇನ್ರಿ?

ಉತ್ತರ: ಸದ್ಯಕ್ಕ ಮೂರೂ ಬ್ಯಾಡ್ರಿ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗೌಂಡಿಗಳು ಲೆವೆಲ್ ನೋಡಾಕ ಬಳಸ್ತಾರಲ್ಲ, ಆ ಪಾರದರ್ಶಕ ಪೈಪ್ ಒಂದು ಐದಾರು ಮೀಟರ್ ತಗೊಂಡು ಬರ್ರಿ. ಯಾಕ ಅಂತ ಮುಂದ ಹೇಳ್ತೀನಿ.

ನಿಮ್ಮ ಪತ್ರದಾಗ ಎಲ್ಲಾದಕ್ಕಿಂತ ಮುಖ್ಯ ಮಾತು ಯಾವುದಂದ್ರ "ಒಂದು ವಾರ ಒಣಾ ಇರ್ತೈತಿ, ಘಾಟ್ ಹತ್ತಿ ಬಂದ ಮ್ಯಾಲೆ ಶುರು" ಅನ್ನೂದು. ಸೀಲ್ ಕೆಟ್ಟಿದ್ರ, ಇಲ್ಲಾ ಕೂಡ್ರಸೂವಾಗ ತಪ್ಪಿದ್ರ, ಅದು ಮೊದಲನೇ ದಿನದಿಂದ ಸೋರತೈತಿ, ಆಫೀಸಿಗೆ ಹೋಗಿ ಬಂದ್ರೂ ಸೋರತೈತಿ, ಅದಕ್ಕ ಘಾಟ್ ಬೇಕಾಗಿಲ್ಲ. ನಿಮ್ದು ಹಂಗಲ್ಲ, ಬೂಸ್ಟ್ ತುಂಬಿ ಹತ್ತು ಹದಿನೈದು ನಿಮಿಷ ಜಗ್ಗಿದ ಮ್ಯಾಲೆ ಮಾತ್ರ ಬರಾಕತ್ತೈತಿ, ಅದೂ ಒಂದು ಕಡೆ ಅಲ್ಲ, ಹಿಂದಿನ ಸೀಲು, ಮ್ಯಾಲಿನ ಟ್ಯಾಪೆಟ್ ಕವರ್, ಎರಡೂ ಕಡೆ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಜಾಗ ಒಂದೇ ಹೊತ್ತಿಗೆ ಸೋರಾಕತ್ತಿದ್ರ ಒಳಗ ಗಾಳಿ ತುಂಬಿ ಆಯಿಲ್ ಹೊರಗ ದಬ್ಬಾಕತ್ತೈತಿ ಅಂತ ತಿಳ್ಕೋಬೇಕು. ನಮ್ಮ ಮಿಸ್ತ್ರಿಗಳು ಇದಕ್ಕ ಬ್ಯಾಕ್ ಕಂಪ್ರೆಶನ್ ಅಂತಾರ. ಸೀಲಿಗೆ ಬೈದು ಪ್ರಯೋಜನ ಇಲ್ಲ, ಪಾಪ ಅದು ಆಯಿಲ್ ತಡಿಯಾಕ ಹುಟ್ಟಿದ್ದು, ಗಾಳಿ ಒತ್ತಡ ತಡಿಯಾಕ ಅಲ್ಲ.

ಇದು ನನಗ ಮೊದಲಿಂದ ಗೊತ್ತಿತ್ತು ಅಂತ ತಿಳೀಬ್ಯಾಡ್ರಿ. ಗದಗ ಬಿಟ್ಟು ಪುಣೆ ಹತ್ರದ ಭೋಸರಿ ಎಂಐಡಿಸಿ ಕಾರ್ಖಾನಿ ಪ್ರದೇಶದೊಳಗ ಲೇತ್ ಮ್ಯಾಲೆ ಕೆಲಸಕ್ಕ ನಿಂತಾಗ ರ‍್ಯಾಲಿ ಗಾಡಿಯವರ ಒಂದು ಇಂಜಿನ್ ನಮ್ಮ ಕಡೆ ಬಂದಿತ್ತು, ಅದರ ಹಿಂದಿನ ಸೀಲ್ ನಾನು ನನ್ನ ಕೈಯಾರೆ ಮೂರು ಸಲ ಹಾಕೀನಿ, ಮೊದಲಿನ ಎರಡೂ ಸಲ ಸೋರೇತಿ. ಮೂರನೇ ಸಲ ಸಿಟ್ಟಿಗೆದ್ದು ಸೀಲಿನ ಹೊರಗಿನ ಅಂಚಿಗೆ ಅನಾಬಾಂಡ್ (ಸಂದು ಮುಚ್ಚೂ ಸಿಲಿಕಾನ್ ಅಂಟು) ಬಳದು ಕೂಡ್ರಿಸಿದೆ, ಆಗ ಸೀಲ್ ಸೋರಲಿಲ್ಲ ಖರೆ, ಆದ್ರ ಗಾಡಿ ಓಡೂವಾಗ ಡಿಪ್ ಸ್ಟಿಕ್ (ಆಯಿಲ್ ಮಟ್ಟ ನೋಡೂ ಕಡ್ಡಿ) ಟಣ್ ಅಂತ ಮ್ಯಾಲೆ ಹಾರಿ ಇಂಜಿನ್ ತುಂಬ ಆಯಿಲ್ ಸಿಡೀತು. ಆಮ್ಯಾಲೆ ನಮ್ಮ ಹಿರಿಯ ಫೋರ್‌ಮನ್ ಬಂದು ಬ್ರೀದರ್ ಪೈಪ್, ಅಂದ್ರ ಇಂಜಿನ್ ಒಳಗಿನ ಗಾಳಿ ಹೊರಗ ಬಿಡೂ ಪೈಪ್, ಬಿಚ್ಚಿ ಊದಿ ನೋಡಿದ್ರು, ಒಳಗ ಗಾಳಿನ ಹೋಗವಲ್ದು, ಕಪ್ಪು ಕೆಸರು ಕಟ್ಟಿ ಬೆರಳಿನಷ್ಟು ದಪ್ಪ ಪೈಪು ಬೆಂಕಿಕಡ್ಡಿಯಷ್ಟು ಉಳದಿತ್ತು. ಒಂದು ಪೈಪಿನ ಕೆಲಸಕ್ಕ ಮೂರು ಸಲ ಗಿಯರ್‌ಬಾಕ್ಸ್ ಇಳಿಸಿದ್ದೆ ನಾನು.

ಈಗ ನಿಮ್ಮ ಇಂಜಿನ್ನಿನ ಒಳಗ ಏನ್ ನಡದೈತಿ ನೋಡೂಣು. ಪಿಸ್ಟನ್ ರಿಂಗ್ ಎಷ್ಟೇ ಚಲೋ ಇದ್ರೂ ಉರಿಯೂ ಗ್ಯಾಸ್ ಒಂದಿಷ್ಟು ಅದರ ಸಂದ್ಯಾಗಿಂದ ಕೆಳಗ ಚೇಂಬರಿಗೆ, ಅಂದ್ರ ಇಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳೀತೈತಿ. ಕಂಪನಿ ಗಾಡಿಯೊಳಗ ಅದನ್ನ ಹೊರಗ ತಗಿಯಾಕ ಎರಡು ದಾರಿ ಇಟ್ಟಿರ್ತಾರ. ಒಂದು ಪಿಸಿವಿ ವಾಲ್ವ್, ಅದು ಇಂಟೇಕ್ ಮ್ಯಾನಿಫೋಲ್ಡಿಗೆ (ಇಂಜಿನ್ನಿಗೆ ಗಾಳಿ ಕೊಡೂ ಕೊಳವಿಗೆ) ಹೋಗ್ತೈತಿ, ಅಲ್ಲಿ ವ್ಯಾಕ್ಯೂಮ್ ಇರ್ತೈತಲ್ಲ, ಅದು ಒಳಗಿನ ಹೊಗಿ ಜಗ್ಗತೈತಿ. ಇನ್ನೊಂದು ಬ್ರೀದರ್, ಏರ್ ಫಿಲ್ಟರ್ ಕಡೆಯ ಪೈಪಿಗೆ ಹೋಗೂದು. ಟರ್ಬೊ ಇಲ್ಲದಾಗ ಈ ವ್ಯವಸ್ಥಾ ಆರಾಮ ನಡೀತೈತಿ, ಒಳಗ ಯಾವಾಗ್ಲೂ ಸ್ವಲ್ಪ ಜಗ್ಗು ಇರ್ತೈತಿ, ಆಗ ಸೀಲಿನ ಲಿಪ್ಪಿಗೂ (ಕ್ರ್ಯಾಂಕಿಗೆ ತಾಗೂ ರಬ್ಬರ್ ತುಟಿಗೆ) ಸುಖ, ಪ್ಯಾಕಿಂಗಿಗೂ ಸುಖ. ಟರ್ಬೊ ಕೂಡ್ರಿಸಿದ ದಿನ ಎರಡು ಸಂಗತಿ ಬದಲಾಗ್ತಾವು. ರಿಂಗಿನ ಮ್ಯಾಲಿನ ಒತ್ತಡ ಏರಿ ಕೆಳಗ ಇಳಿಯೂ ಗ್ಯಾಸ್ ಹೆಚ್ಚಾಗ್ತೈತಿ, ಇದು ಒಂದು. ಎರಡನೇದು, ಬೂಸ್ಟ್ ಬಂದಾಗ ಮ್ಯಾನಿಫೋಲ್ಡ್‌ನ್ಯಾಗ ವ್ಯಾಕ್ಯೂಮ್ ಹೋಗಿ 0.7 ಬಾರ್ ಒತ್ತಡ ಕುಂತಿರ್ತೈತಿ, ಆವಾಗ ಪಿಸಿವಿ ವಾಲ್ವ್ ಗಚ್ಚ ಮುಚ್ಚಬೇಕು, ಹಳೇದಾಗಿ ಅದು ಮುಚ್ಚಲಿಲ್ಲಂದ್ರ ಟರ್ಬೊ ಮಾಡಿದ ಗಾಳಿ ಸೀದಾ ಚೇಂಬರಿಗೆ ಹೋಗ್ತೈತಿ. ಅಂದ್ರ ನೀವ ನಿಮ್ಮ ಕೈಲೆ ಇಂಜಿನ್ನಿಗೆ ಗಾಳಿ ಹೊಡದಂಗ, ಸೈಕಲ್ ಟ್ಯೂಬಿಗೆ ಪಂಪ್ ಹಚ್ಚಿದಂಗ.

ಸಾಮಾನ್ಯ ಲಿಪ್ ಸೀಲ್ ಎಷ್ಟು ತಡೀತೈತಿ ಅಂದ್ರ, ನಿಧಾನ ತಿರುಗೂವಾಗ 0.5 ಬಾರ್, 3000 ಆರ್‌ಪಿಎಂ ಹೊತ್ತಿಗೆ 0.2 ಬಾರ್ ಆಸುಪಾಸು, ಅದಕ್ಕೂ ಮ್ಯಾಲೆ ತಿರುಗಿಸಿದ್ರ ಇನ್ನೂ ಕಡಿಮಿ. ನೀವು ಎಷ್ಟು ತುಟ್ಟಿ ಸೀಲ್ ತಂದ್ರೂ ಈ ಲೆಕ್ಕ ಭಾಳ ಬದಲಾಗಂಗಿಲ್ಲ. ವೈಟಾನ್ ಅನ್ನೂದು ಬಿಸಿಗೆ ಮತ್ತ ಸ್ಪೀಡಿಗೆ ಉಪಯೋಗ, ಒತ್ತಡಕ್ಕಲ್ಲ. ನಿಮಗ ಅದು ಬೇಕಾ ಬ್ಯಾಡಾ ಅಂತ ಆಮ್ಯಾಲೆ ನೋಡೂಣು.

ನಿಮ್ಮ ಕ್ಯಾಚ್ ಕ್ಯಾನಿನ ಮ್ಯಾಲೆ ನನಗ ಮೊದಲನೇ ಸಂಶಯ. ಇದನ್ನ ಎಲ್ಲಾರೂ ಚಂದ ಕಾಣ್ತೈತಿ ಅಂತ ಹಾಕಸ್ತಾರ, ಒಳಗ ಎಷ್ಟು ಎಂಎಂ ದಾರಿ ಐತಿ ಅಂತ ಒಬ್ರೂ ನೋಡಂಗಿಲ್ಲ. ಮಾರ್ಕೆಟ್‌ನ್ಯಾಗ ಸಿಗೂ ಸೋವಿ ಕ್ಯಾನಿಗೆ 8 ಎಂಎಂ ನಿಪ್ಪಲ್ ಇರ್ತೈತಿ. ಅದರ ಬದಲಿ 19 ಎಂಎಂ ಪೈಪ್ ಹಾಕಿದ್ರ ದಾರಿ ಎರಡು ಪಟ್ಟು ಆಗಂಗಿಲ್ರಿ, ಐದೂವರಿ ಪಟ್ಟು ಆಗ್ತೈತಿ, ವ್ಯಾಸದ ವರ್ಗ ತಗೋಬೇಕು, ಸಾಲ್ಯಾಗ ಕಲ್ತದ್ದು ನೆನಪಿರಬೇಕಲ್ಲ. ಇನ್ನ ಕೆಲವರು ಹೊರಗ ದಪ್ಪ ಹೆಣಿಗಿ ಪೈಪ್ ಹಾಕಿರ್ತಾರ, ಭಾರಿ ಫಿಟಿಂಗ್ ಇರ್ತಾವು, ಬಿಚ್ಚಿ ನೋಡಿದ್ರ ಟ್ಯಾಪೆಟ್ ಕವರಿಗೆ ವೆಲ್ಡ್ ಮಾಡಿದ ತೂತು 8 ಎಂಎಂ ಡ್ರಿಲ್ಲಿಂದ ಹೊಡದದ್ದು. ಹೊರಗ ಹೆದ್ದಾರಿ, ಒಳಗ ಕಾಲುದಾರಿ. ಕ್ಯಾನಿನ ಒಳಗ ಪಾತ್ರಿ ತಿಕ್ಕೂ ಸ್ಟೀಲ್ ಜಾಳಿ ತುರುಕೂದೊಂದು ಚಟ ಐತಿ, ಸ್ವಲ್ಪ ಇದ್ರ ಆಯಿಲ್ ಹನಿ ಹಿಡಿಯಾಕ ಚಲೋ, ಗಿಡಿದು ತುಂಬಿದ್ರ ಅದೂ ಒಂದು ಬೂಚು. ಮತ್ತ ಮಳಿಗಾಲದಾಗ, ಚಳಿಯೊಳಗ ಸಣ್ಣ ಸಣ್ಣ ಟ್ರಿಪ್ ಹೊಡದ್ರ ಕ್ಯಾನಿನ್ಯಾಗ ನೀರು ಮತ್ತ ಆಯಿಲ್ ಕೂಡಿ ಬೆಣ್ಣಿ ಹಂಗ ಕಟ್ಟತೈತಿ, ಅದನ್ನ ನೋಡಿ ಹೆಡ್ ಪ್ಯಾಕಿಂಗ್ ಹೋತು ಅಂತ ಹೆದರಬ್ಯಾಡ್ರಿ, ಕೂಲಂಟ್ ಕಡಿಮಿ ಆಗಾಕತ್ತಿಲ್ಲಂದ್ರ ಬರೇ ಒರಸಿ ಒಗೀರಿ.

ಟ್ಯಾಪೆಟ್ ಕವರಿನ ಒಳಗ ಒಂದು ತಗಡಿನ ಅಡ್ಡಗೋಡಿ ಇರ್ತೈತಿ, ಸಿಡಿಯೂ ಆಯಿಲ್ ಬ್ರೀದರಿಗೆ ಹೋಗದಂಗ ತಡಿಯೂದು ಅದರ ಕೆಲಸ. ದೊಡ್ಡ ನಿಪ್ಪಲ್ ವೆಲ್ಡ್ ಮಾಡೂವಾಗ ಅದನ್ನ ಕಿತ್ತು ಒಗದಿದ್ರ ಕ್ಯಾನ್ ದಿನಾ ತುಂಬತೈತಿ, ಆಗ ಜನ ರಿಂಗ್ ಹೋದ್ವು ಅಂತಾರ. ಕವರ್ ಬಿಚ್ಚಿದಾಗ ಅದೊಂದು ನೋಡ್ರಿ. ಪೈಪು ಸೈತ ಆಯಿಲ್‌ಗೆ ಅಂತ ಮಾಡಿದ್ದ ಇರಬೇಕು, ಬಣ್ಣದ ಸಾದಾ ಸಿಲಿಕಾನ್ ಪೈಪ್ ಕೂಲಂಟಿಗೆ ಓಕೆ, ಆಯಿಲ್ ಹೊಗಿ ಹಾಯ್ದ್ರ ಸ್ವಲ್ಪ ದಿನಕ್ಕ ಮೈಯೆಲ್ಲಾ ಬೆವರಿದಂಗ ಆಯಿಲ್ ಹೊರಗ ಬರತೈತಿ, ಅದೂ ಒಂದು ಲೀಕ್ ಅಂತ ಹುಡುಕ್ಕೋತ ಕುಂತವರನ್ನ ನೋಡೀನಿ.

ಈಗ ಆ ಲೆವೆಲ್ ಪೈಪ್. ಹಳೇ ಆಯಿಲ್ ಮುಚ್ಚಳ ಒಂದು ಸಂಪಾದನಿ ಮಾಡ್ರಿ, ಪುಣೆದ ಗಾಡಿ ಸಾಮಾನಿನ ಪೇಟಿ ನಾನಾ ಪೇಠ್‌ನ್ಯಾಗ ಸಿಕ್ಕೇ ಸಿಗ್ತೈತಿ. ಅದಕ್ಕ ತೂತು ಹೊಡದು ಒಂದು ನಿಪ್ಪಲ್ ಕೂಡ್ರಸ್ರಿ, ಅದಕ್ಕ ಪೈಪ್ ಹಚ್ಚಿ ಇನ್ನೊಂದು ತುದಿ ಒಂದು ಹಲಗಿ ಮ್ಯಾಲೆ ಯು ಆಕಾರಕ್ಕ ಬಗ್ಗಿಸಿ ಕಟ್ಟಿ ಅರ್ಧ ನೀರು ಹಾಕ್ರಿ, ಬಾಜೂಕ ಒಂದು ಸ್ಕೇಲ್. ಡಿಪ್ ಸ್ಟಿಕ್ ಪೈಪಿಗೆ ಹಚ್ಚಬ್ಯಾಡ್ರಿ, ಅದರ ತುದಿ ಕೆಲವು ಇಂಜಿನ್ನಿನ್ಯಾಗ ಆಯಿಲ್ ಒಳಗ ಮುಳುಗಿರ್ತೈತಿ, ಆಗ ಅಳತಿ ಸುಳ್ಳಾಗ್ತೈತಿ. ಎರಡು ಕಡೆ ನೀರಿನ ಮಟ್ಟದ ನಡುವಿನ ಅಂತರ ಎಷ್ಟು ಸೆಂಟಿಮೀಟರ್ ಐತೋ ಅದ ನಿಮ್ಮ ಒತ್ತಡ. 70 ಸೆಂಟಿಮೀಟರ್ ಅಂದ್ರ 1 ಪಿಎಸ್ಐ, ಸೀಲಿನ 0.2 ಬಾರ್ ಅಂದೆನಲ್ಲ, ಅದು ಎರಡು ಮೀಟರ್ ನೀರು. ಹಂಗಂತ ಎರಡು ಮೀಟರ್ ತನಕ ನಡೀತೈತಿ ಅನಕೋಬ್ಯಾಡ್ರಿ, ಹಳೇ ಪ್ಯಾಕಿಂಗ್, ತಗಡಿನ ಕವರ್ ಅದಕ್ಕಿಂತ ಎಷ್ಟೋ ಮೊದಲ ಶರಣಾಗ್ತಾವು. ಐಡಲ್‌ನ್ಯಾಗ ನೀರು ಸಮ ಇರಬೇಕು ಇಲ್ಲಾ ಇಂಜಿನ್ ಕಡೆ ಸ್ವಲ್ಪ ಜಗ್ಗಬೇಕು. ಪೂರ್ತಿ ಬೂಸ್ಟ್‌ನ್ಯಾಗ 15–20 ಸೆಂಟಿಮೀಟರ್ ಒಳಗ ಇದ್ರ ನಾನು ಸುಮ್ಮನ ಬಿಡ್ತೀನಿ, ಇದು ನಮ್ಮ ಶೆಡ್ಡಿನ ಲೆಕ್ಕ. ಅರ್ಧ ಮೀಟರ್ ದಾಟಿದ್ರ ಸೀಲಿನ ಮಾತು ಬಿಟ್ಟು ಬ್ರೀದರ್ ಕೆಲಸಕ್ಕ ಹತ್ರಿ.

ಇದನ್ನ ಡೈನೊ (ಗಾಡಿ ನಿಂತಲ್ಲೇ ಓಡಿಸಿ ಅಳಿಯೂ ಮಶೀನ್) ಮ್ಯಾಲೆ ಮಾಡಿದ್ರ ಎಲ್ಲಾದಕ್ಕಿಂತ ಚಲೋ. ರೋಡ್ ಮ್ಯಾಲೆ ಅಂದ್ರ ಬಾಜೂಕ ಒಬ್ಬರು ಕುಂತು ನೋಡಬೇಕು, ನೀವು ಸ್ಟೇರಿಂಗ್ ಹಿಡಕೊಂಡು ನೀರಿನ ಪೈಪ್ ನೋಡ್ಕೋತ ಎಕ್ಸ್‌ಪ್ರೆಸ್‌ವೇ ಮ್ಯಾಲೆ ಹೋಗೂದು ಬ್ಯಾಡ. ಮತ್ತ ಯು ಪೈಪಿನ ಮ್ಯಾಲೆ ಖಾಲಿ ಪೈಪ್ ಒಂದು ಮೀಟರ್ ಬಿಟ್ಟಿರ್ರಿ, ಜಗ್ಗಿದ್ರ ನೀರು ಇಂಜಿನ್ನಿಗೆ ಹೋಗಬಾರದು, ಒತ್ತಿದ್ರ ನಿಮ್ಮ ಗೆಳೆಯಾನ ಮುಖಕ್ಕ ಸಿಡೀಬಾರದು. ಒಂದು ಸಲ ಇದ್ದಂಗ ಅಳೀರಿ, ಇನ್ನೊಂದು ಸಲ ಕ್ಯಾಚ್ ಕ್ಯಾನ್ ತಗದು ಬ್ರೀದರ್ ಪೈಪ್ ಸೀದಾ ಒಂದು ದೊಡ್ಡ ಡಬ್ಬಿಗೆ ಬಿಟ್ಟು ಅಳೀರಿ, ಮೂರನೇ ಸಲ ಪಿಸಿವಿ ಪೈಪ್ ಮ್ಯಾನಿಫೋಲ್ಡ್ ಕಡೆ ಬೂಚು ಹಾಕಿ ಅಳೀರಿ. ಎರಡನೇದ್ರಾಗ ಬಿದ್ದು ಹೋದ್ರ ಕ್ಯಾನ್ ಅಪರಾಧಿ, ಮೂರನೇದ್ರಾಗ ಬಿದ್ರ ಪಿಸಿವಿ ವಾಲ್ವ್. ಆಗ ಮ್ಯಾನಿಫೋಲ್ಡ್ ದಾರಿಗೆ ಬೂಸ್ಟ್ ತಡಿಯೂ ಚಲೋ ಚೆಕ್ ವಾಲ್ವ್ ಹಾಕಿ, ಬ್ರೀದರಿಗೆ ದಪ್ಪ ಪೈಪ್ ಹಾಕಿ, ಕ್ಯಾನಿಂದ ಹೊರಡೂ ಪೈಪ್ ಟರ್ಬೊದ ಮುಂದ, ಅಂದ್ರ ಫಿಲ್ಟರ್ ಮತ್ತ ಟರ್ಬೊ ನಡುವ ಸೇರಿಸ್ರಿ. ಬೂಸ್ಟ್ ಇದ್ದಾಗ ಅಲ್ಲಿ ಟರ್ಬೊ ಗಾಳಿ ಜಗ್ಗತಿರ್ತೈತಿ, ಅದ ನಿಮಗ ಪುಕ್ಕಟೆ ವ್ಯಾಕ್ಯೂಮ್. ಬರೇ ಹೊರಗ ಬಿಡೂದು ಸರಳ, ಆದ್ರ ಸಿಗ್ನಲ್‌ನ್ಯಾಗ ನಿಂತಾಗ ವಾಸನಿ, ಪಿಯುಸಿ ತಂಟೆ. ಆಂಬಿ ವ್ಯಾಲಿ ಕಡೆ ಡ್ರ್ಯಾಗ್ ರೇಸಿಗೆ ಇಳಿಯೂ ವಿಚಾರ ಇದ್ರ ಒಂದು ತಿಳ್ಕೊಂಡಿರ್ರಿ, ಹೊರಗ ಬಿಡೂ ಬ್ರೀದರ್ ಇದ್ರ ಎಫ್‌ಐಎ (ಜಾಗತಿಕ ಮೋಟಾರ್ ರೇಸ್ ಸಂಸ್ಥೆ) ನಿಯಮದಾಗ 2000 ಸಿಸಿ ಒಳಗಿನ ಇಂಜಿನ್ನಿಗೆ ಕಮ್ಮಿ ಅಂದ್ರ 2 ಲೀಟರ್ ಡಬ್ಬಿ ಇರಬೇಕು, ಅರ್ಧ ಲೀಟರಿನ ಶೋ ಡಬ್ಬಿ ನಡಿಯಂಗಿಲ್ಲ.

ಮೂರೂ ಸಲ ಒತ್ತಡ ಹಂಗ ಇದ್ರ? ಆಗ ರಿಂಗ್ ಕಡೆ ನೋಡಬೇಕು, ಆಗಲೂ ಇಂಜಿನ್ ಬಿಚ್ಚೂದಕ್ಕಿಂತ ಮೊದಲ ಲೀಕ್‌ಡೌನ್ ಟೆಸ್ಟ್, ಅಂದ್ರ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರತೈತಿ ಅಂತ ನೋಡೂದು. ಬರೇ ಕಂಪ್ರೆಶನ್ ಗೇಜ್ ನಂಬಬ್ಯಾಡ್ರಿ, ಆಯಿಲ್ ಏರಾಕತ್ತಿದ್ರ ಅದ ಆಯಿಲ್ ರಿಂಗಿಗೆ ಸೀಲ್ ಆಗಿ ಕಂಪ್ರೆಶನ್ ಚಲೋ ತೋರಸ್ತೈತಿ. ಲೀಕ್‌ಡೌನ್ ಶೇಕಡಾ 10ರ ಒಳಗ ಇದ್ರ ಸಮಾಧಾನ, 20 ದಾಟಿದ್ರ ಚಿಂತಿ. ಆದ್ರ ಫೋರ್ಜ್ಡ್ ಪಿಸ್ಟನ್ ಬಿಸಿಗೆ ಹೆಚ್ಚು ಹಿಗ್ಗೂವಂಥಾದ್ದು, ಅದಕ್ಕ ಬೋರಿನ್ಯಾಗ ಸಂದು ಜಾಸ್ತಿ ಬಿಟ್ಟಿರ್ತಾರ, ತಣ್ಣಗಿದ್ದಾಗ ಟೆಸ್ಟ್ ಮಾಡಿ ಇಂಜಿನ್ ಹೋತು ಅಂತ ಷರಾ ಬರೀಬ್ಯಾಡ್ರಿ, ಬಿಸಿ ಮಾಡಿ ಮಾಡ್ರಿ. ಇಂಜಿನ್ ಕಟ್ಟಿದವರಿಗೆ ಎರಡು ಪ್ರಶ್ನೆ ಕೇಳ್ರಿ: ರಿಂಗಿನ ಬಾಯಿ (ಎರಡು ತುದಿ ನಡುವಿನ ಸಂದು) ಎಷ್ಟು ಬಿಟ್ಟೀರಿ, ಮೊದಲ 100 ಕಿಲೋಮೀಟರ್ ಹೆಂಗ ಓಡಿಸಿದ್ರಿ. ನಿಮ್ಮ ಬೋರ್ 74 ಎಂಎಂ, ರಸ್ತೆ ಮ್ಯಾಲೆ ಓಡೂ ಟರ್ಬೊಕ್ಕ ಮ್ಯಾಲಿನ ರಿಂಗಿಗೆ ಅಂದಾಜು 0.33ರಿಂದ 0.38 ಎಂಎಂ, ಎರಡನೇ ರಿಂಗಿಗೆ ಅಷ್ಟ ಇಲ್ಲಾ ಸ್ವಲ್ಪ ಹೆಚ್ಚು. ಕಮ್ಮಿ ಬಿಟ್ಟಿದ್ರ ಬಿಸಿಗೆ ರಿಂಗಿನ ತುದಿ ಒಂದಕ್ಕೊಂದು ತಾಗಿ ಪಿಸ್ಟನ್ ಒಡೀತೈತಿ, ಆಗ ನೀವು ಪತ್ರ ಬರೀತಿರಲಿಲ್ಲ. ಎರಡನೇ ಪ್ರಶ್ನೆ ಯಾಕಂದ್ರ ಹೊಸಾ ಇಂಜಿನ್ನಿನ ಕಾಳಜಿ ಅಂತ ಐಡಲ್ ಮ್ಯಾಲೆ ತಾಸುಗಟ್ಟಲೆ ಬಿಟ್ಟು ಸಿಂಥೆಟಿಕ್ ಆಯಿಲ್ ಹಾಕಿ ಮೆತ್ತಗ ಓಡಿಸಿದ್ರ ಬೋರಿಗೆ ಗಾಜಿನಂಥಾ ಪದರು ಕುಂತು ರಿಂಗ್ ಕೂಡ್ರೂದ ಇಲ್ಲ, ಲೋಡ್ ಕೊಟ್ಟು ಬಿಟ್ಟು ಕೊಟ್ಟು ಬಿಟ್ಟು ಓಡಿಸಬೇಕಾಗ್ತೈತಿ. ಹಂಗಾಗಿದ್ರ ಬೋರ್ ಮಾಡಿಸೂದು ಬ್ಯಾಡ, ಹೋನಿಂಗ್ (ಬೋರನ್ನ ಕಲ್ಲಿಂದ ಸಣ್ಣಗ ತಿಕ್ಕೂದು) ಹೊಡದು ಹೊಸಾ ರಿಂಗ್ ಸಾಕು.

ಒತ್ತಡ ಸರಿ ಆದ ಮ್ಯಾಲೆ ಲೀಕ್ ಹುಡುಕೂದು. ಮೊದಲಲ್ಲ, ಆಮ್ಯಾಲೆ. ಇಂಜಿನ್ ಡೀಗ್ರೀಸರ್ ಹೊಡದು ಸ್ವಚ್ಛ ತೊಳೀರಿ, ಒಣಗಿದ ಮ್ಯಾಲೆ ಸಂಶಯ ಇದ್ದಲ್ಲಿ ಮುಖಕ್ಕ ಹಚ್ಚೂ ಟಾಲ್ಕಮ್ ಪೌಡರ್ ಉದುರಸ್ರಿ, ಹತ್ತು ಕಿಲೋಮೀಟರ್ ಹೋಗಿ ಬಂದು ನೋಡ್ರಿ, ಆಯಿಲ್ ಬಂದ ಜಾಗದಿಂದ ಪೌಡರಿನ್ಯಾಗ ಸೀದಾ ಗೆರಿ ಬಿದ್ದಿರ್ತೈತಿ. ಯುವಿ ಡೈ ಹಾಕಿ ನೀಲಿ ಟಾರ್ಚ್ ಬಿಟ್ಟು ನೋಡಿದ್ರ ಇನ್ನೂ ಖಚಿತ. ಆಯಿಲ್ ಕೆಳಗ ಇಳೀತೈತಿ, ಗಾಡಿ ಓಡೂವಾಗ ಗಾಳಿಗೆ ಹಿಂದ ಹೋಗ್ತೈತಿ, ಹಂಗಾಗಿ ಎಲ್ಲಾ ಲೀಕೂ ಕಡೀಕ ಗಿಯರ್‌ಬಾಕ್ಸ್ ಮೂತಿಗೆ ಬಂದು ಹನಿ ಬೀಳತಾವು, ಎಲ್ಲಾ ಗ್ಯಾರೇಜಿನವರೂ "ಹಿಂದಿನ ಸೀಲ್ ಹೋಗೇತಿ" ಅಂತಾರ. ಹಸಿ ಇರೂ ಜಾಗದಾಗ ಅತೀ ಮ್ಯಾಲಿಂದು, ಅತೀ ಮುಂದಿಂದು ಯಾವುದು, ಅದನ್ನ ಹಿಡೀರಿ.

ನಿಮ್ಮಂಥಾ ಗಾಡಿಯೊಳಗ ನಾನು ಮೊದಲ ಕೈ ಇಡೂದು ಎಲ್ಲಿ ಗೊತ್ತೇನ್ರಿ? ಆಯಿಲ್ ಪ್ರೆಶರ್ ಸ್ವಿಚ್ ಹತ್ರ. ಟರ್ಬೊಕ್ಕ ಆಯಿಲ್ ಲೈನ್ ಅಲ್ಲಿಂದ ತಗದಿರ್ತಾರ, ಗೇಜಿನ ಸೆನ್ಸರೂ ಅಲ್ಲೆ ಟಿ ಹಾಕಿ ಕೂಡ್ರಸಿರ್ತಾರ. ಜಪಾನ್ ಮೂಲದ ಇಂಜಿನ್ನಿನ್ಯಾಗ ಆ ಆಟಿ (ಥ್ರೆಡ್) ಸಾಮಾನ್ಯವಾಗಿ ಎಂಟನೇ ಒಂದು ಇಂಚಿನ ಬಿಎಸ್‌ಪಿ ಅನ್ನೂ ಬ್ರಿಟಿಷ್ ಅಳತಿ, ಇಂಚಿಗೆ 28 ಥ್ರೆಡ್. ಹೊರಗಿಂದ ಬರೂ ಗೇಜ್ ಸೆನ್ಸರು, ಅಡಾಪ್ಟರು ಭಾಳಷ್ಟು ಅಮೇರಿಕಾದ ಎನ್‌ಪಿಟಿ, ಅದಕ್ಕ ಇಂಚಿಗೆ 27. ಒಂದ ಥ್ರೆಡ್ಡಿನ ಫರಕು! ಕೈಯಿಂದ ಎರಡು ಮೂರು ಸುತ್ತು ಚಂದ ಹೋಗ್ತೈತಿ, ಆಮ್ಯಾಲೆ ಬಿಗಿ ಆಗ್ತೈತಿ, ಮಿಸ್ತ್ರಿ ಟೇಪರ್ ಐತಿ ಅಂತ ಪಾನಾ ಹಚ್ಚಿ ತಿರುವತಾನ, ಅಲ್ಯುಮಿನಿಯಂ ಬ್ಲಾಕಿನ ಥ್ರೆಡ್ ಅಲ್ಲೆ ಅರ್ಧ ಕೆಡತೈತಿ, ಬಿಸಿ ಆದಾಗ ಸಣ್ಣಗ ಜಿನಗತೈತಿ. ಅದನ್ನ ಮುಚ್ಚಾಕ ಟೆಫ್ಲಾನ್ ಟೇಪ್ ಸುತ್ತತಾರ, ಆ ಟೇಪಿನ ಎಳಿ ಹರದು ಟರ್ಬೊದ ಆಯಿಲ್ ತೂತಿಗೆ ಹೋಗಿ ಕುಂತ್ರ ಲೀಕ್ ಅಲ್ಲ, ಟರ್ಬೊನ ಹೋಗ್ತೈತಿ. ಥ್ರೆಡ್ ಗೇಜ್ ಹಿಡದು ಎರಡೂ ಅಳೀರಿ, ಸರಿ ಅಡಾಪ್ಟರ್ ಸಿಗಲಿಲ್ಲಂದ್ರ ಭೋಸರಿಯೊಳಗ ಯಾವ ಲೇತಿನವರಾದ್ರೂ ಮಾಡಿ ಕೊಡ್ತಾರ. ಆಯಿಲ್ ಫಿಲ್ಟರಿನ ಕೆಳಗ ಸ್ಯಾಂಡ್‌ವಿಚ್ ಪ್ಲೇಟ್ (ಆಯಿಲ್ ಲೈನ್ ತಗಿಯಾಕ ನಡುವ ಹಾಕೂ ಬಿಲ್ಲೆ) ಇದ್ರ ಅಲ್ಲೂ ಹಿಂಗ ಗೊಂದಲ, 20 ಎಂಎಂ ಥ್ರೆಡ್ಡಿಂದು ಮತ್ತ ಮುಕ್ಕಾಲು ಇಂಚಿಂದು ಕಣ್ಣಿಗೆ ಒಂದ ಕಾಣ್ತಾವು. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೆ ಅಂಟಿ ಉಳದು ಅದರ ಮ್ಯಾಲೆ ಹೊಸಾದು ಕುಂತಿದ್ರೂ ಲೀಕ್, ಅದಂತೂ ತಣ್ಣಗಿನ ಸ್ಟಾರ್ಟ್‌ಗೆ ಧಾರಿಗಟ್ಟಲೆ ಬರತೈತಿ.

ಟರ್ಬೊದಿಂದ ಆಯಿಲ್ ವಾಪಸ್ ಬರೂ ಪೈಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರ ಘಾಟ್ ಆದ ಮ್ಯಾಲೆ ಅಂದ್ರಿ. ಟರ್ಬೊದೊಳಗ ರಬ್ಬರ್ ಸೀಲ್ ಇರಂಗಿಲ್ಲ, ಪಿಸ್ಟನ್ ರಿಂಗಿನಂಥಾ ಸಣ್ಣ ಕಬ್ಬಿಣದ ಉಂಗುರ ಇರ್ತಾವು, ಅವು ಎರಡೂ ಬಾಜೂಕಿನ ಗಾಳಿ ಒತ್ತಡದ ಆಸರದಿಂದ ಆಯಿಲ್ ತಡೀತಾವು. ಒಳಗಿನ ಆಯಿಲ್ ತನ್ನ ಭಾರಕ್ಕ ತಾನ ಕೆಳಗ ಬೀಳಬೇಕು, ಅದನ್ನ ಯಾರೂ ಜಗ್ಗಂಗಿಲ್ಲ, ಮ್ಯಾಲಿಂದ ಬೀಳೂವಾಗ ಅದು ಆಯಿಲ್ ಇರಂಗಿಲ್ಲ, ನೊರಿ ಇರ್ತೈತಿ. ಆ ಪೈಪ್ ಸಣ್ಣದಿದ್ರ, ನಡುವ ಜೋಲಿ ಬಿದ್ದಿದ್ರ, ಇಲ್ಲಾ ಚೇಂಬರಿನ್ಯಾಗ ಆಯಿಲ್ ಮಟ್ಟಕ್ಕಿಂತ ಕೆಳಗ ವೆಲ್ಡ್ ಮಾಡಿದ್ರ, ಆಯಿಲ್ ನಿಂತು ಟರ್ಬೊ ಒಳಗಿಂದ ಹೊರಗ ಉಕ್ಕತೈತಿ. ಚೇಂಬರಿನ್ಯಾಗ ಒತ್ತಡ ಇದ್ರ ಅದೂ ಇದ ಪೈಪಿನ್ಯಾಗ ಮ್ಯಾಲೆ ಏರಿ ಬೀಳೂ ಆಯಿಲ್ ತಡೀತೈತಿ, ಒಂದ ರೋಗ ಎರಡು ಕಡೆ ಕಾಣ್ತೈತಿ ಅಂದ್ರ ಇದು. ಘಾಟ್‌ನ್ಯಾಗ ಉದ್ದ ತಿರುವಿಗೆ ಆಯಿಲ್ ಚೇಂಬರಿನ ಒಂದು ಬಾಜೂಕ ಏರಿ ಕುಂಡರ್ತೈತಿ, ಸಪಾಟ ರಸ್ತೆದಾಗ ಸರಿ ಇದ್ದ ಪೈಪು ಅಲ್ಲಿ ಮುಳುಗತೈತಿ. 16 ಎಂಎಂ ಒಳಗಿನ ವ್ಯಾಸ, ಪೂರಾ ಇಳಿಜಾರು, ಆಯಿಲ್ ಮಟ್ಟಕ್ಕಿಂತ ಮ್ಯಾಲೆ, ಇದರಾಗ ಒಂದೂ ಬಿಡಬ್ಯಾಡ್ರಿ. ಬಾಲ್ ಬೇರಿಂಗ್ ಟರ್ಬೊ ಇದ್ರ ಹೋಗೂ ಲೈನಿಗೆ ರೆಸ್ಟ್ರಿಕ್ಟರ್ (ಆಯಿಲ್ ಕಮ್ಮಿ ಬಿಡೂ ಸಣ್ಣ ತೂತಿನ ತುಂಡು) ಬೇಕು, ಅದರ ತೂತು ಸುಮಾರು 0.9 ಎಂಎಂ ಇರ್ತೈತಿ, ಗುಂಡು ಇಲ್ಲದ ಜರ್ನಲ್ ಬೇರಿಂಗಿಗೆ ಸುಮ್ಮಸುಮ್ಮನ ಹಾಕಬ್ಯಾಡ್ರಿ, ಆಯಿಲ್ ಸಾಲದ ಸಾಯತೈತಿ.

ಹೊಗಿ ನೋಡಿನೂ ಒಂದಿಷ್ಟು ತಿಳೀತೈತಿ. ಖಂಡಾಳಾ ಇಳಿಯೂವಾಗ ಎಕ್ಸಲೇಟರ್ ಬಿಟ್ಟು ಗಿಯರ್ ಮ್ಯಾಲೆ ಬಂದು, ಕೆಳಗ ಬಂದು ಒತ್ತಿದ ಕೂಡಲೆ ನೀಲಿ ಹೊಗಿ ಬಂದ್ರ ವಾಲ್ವ್ ಸೀಲು ಮತ್ತ ಗೈಡು. ಸಿಗ್ನಲ್‌ನ್ಯಾಗ ಎರಡು ನಿಮಿಷ ನಿಂತು ಹೊರಟಾಗ ಬಂದ್ರ ಟರ್ಬೊ ವಾಪಸ್ ಪೈಪ್ ಮ್ಯಾಲೆ ಸಂಶಯ ಹೆಚ್ಚು. ಬೂಸ್ಟ್ ಇದ್ದಷ್ಟೊತ್ತೂ ಬಂದ್ರ ರಿಂಗ್.

ಇಷ್ಟೆಲ್ಲಾ ಆಗಿಯೂ ಹಿಂದಿನ ಸೀಲ್ ಖರೇನ ಸೋರತಿದ್ರ, ಆಗ ಗಿಯರ್‌ಬಾಕ್ಸ್ ಇಳಸ್ರಿ, ಆದ್ರ ಸೀಲ್ ಕಿತ್ತು ಸೀಲ್ ಬಡಿಯೂದಲ್ಲ. ಕ್ರ್ಯಾಂಕಿನ ಮ್ಯಾಲೆ ಲಿಪ್ ತಿಕ್ಕೂ ಜಾಗಕ್ಕ ಉಗುರು ಆಡಸ್ರಿ, ಉಗುರು ಸಿಕ್ಕಿದ್ರ ಗೀರು ಬಿದ್ದೈತಿ. ಹೊಸಾ ಸೀಲನ್ನ ಒಂದು ಒಂದೂವರಿ ಎಂಎಂ ಆಚೀಚೆ ಕೂಡ್ರಿಸಿದ್ರ ಲಿಪ್ ಹೊಸಾ ಜಾಗದ ಮ್ಯಾಲೆ ಓಡತೈತಿ, ಇಲ್ಲಾ ತೆಳುವಾದ ಸ್ಟೀಲ್ ಸ್ಲೀವ್ ಬರತಾವು, 0.28 ಎಂಎಂ ದಪ್ಪ, ಅದನ್ನ ಏರಿಸಬಹುದು. ಎಮರಿ ಪೇಪರ್ ಉದ್ದಕ್ಕ ತಿಕ್ಕಬ್ಯಾಡ್ರಿ, ಆ ಗೆರಿಗಳ ಆಯಿಲನ್ನ ಹೊರಗ ನಡಸ್ಕೊಂಡು ಬರ್ತಾವು. ಈಗ ವೈಟಾನ್ ಮಾತು: ಲಿಪ್ ಓಡೂ ಜಾಗ 80 ಎಂಎಂ ಅಂತ ಹಿಡೀರಿ, 6500 ಆರ್‌ಪಿಎಂಗೆ ಅದು ಸೆಕೆಂಡಿಗೆ 27 ಮೀಟರ್ ಸರೀತೈತಿ, ಸಾದಾ ನೈಟ್ರೈಲ್ ರಬ್ಬರ್ ಅದರ ಅರ್ಧಕ್ಕ ಸುಸ್ತಾಗ್ತೈತಿ, ವೈಟಾನ್ ಆರಾಮ ತಡೀತೈತಿ. ಹಂಗಾಗಿ ಹೌದು, ಆಗ ವೈಟಾನ್ ತರಸ್ರಿ, ಲಿಪ್ಪಿಗೆ ಸ್ವಲ್ಪ ಆಯಿಲ್ ಹಚ್ಚಿ ಕೂಡ್ರಸ್ರಿ. ಪಿಟಿಎಫ್‌ಇ (ಟೆಫ್ಲಾನ್) ಸೀಲ್ ಬಂದ್ರ ಉಲ್ಟಾ, ಅದಕ್ಕ ಸ್ಪ್ರಿಂಗ್ ಇರಂಗಿಲ್ಲ, ಆಯಿಲ್ ಗ್ರೀಸ್ ಏನೂ ಹಚ್ಚದ ಒಣಾ ಕೂಡ್ರಿಸಬೇಕು, ಕೂಡ್ರಿಸಿದ ಮ್ಯಾಲೆ ಲಿಪ್ ಕ್ರ್ಯಾಂಕಿಗೆ ಹೊಂದಾಕ ನಾಕೈದು ತಾಸು ಬಿಟ್ಟು ಸ್ಟಾರ್ಟ್ ಮಾಡಬೇಕು. ನಮ್ಮ ಕಡೆ ಪ್ರೀತಿಯಿಂದ ಗ್ರೀಸ್ ಬಳದು ಬಳದು ಇವನ್ನ ಕೆಡಿಸ್ಯಾರ. ಇನ್ನೊಂದು, ನೀವು ಟರ್ಬೊ ಜೋಡಿ ಬಿರುಸು ಕ್ಲಚ್ ಹಾಕಿಸಿರ್ತೀರಿ, ಅದು ತುಳದಾಗೊಮ್ಮೆ ಕ್ರ್ಯಾಂಕನ್ನ ಮುಂದ ದಬ್ಬತೈತಿ, ಥ್ರಸ್ಟ್ ಬೇರಿಂಗ್ (ಕ್ರ್ಯಾಂಕ್ ಹಿಂದ ಮುಂದ ಸರಿಯದಂಗ ತಡಿಯೂದು) ಸವದು ಕ್ರ್ಯಾಂಕ್ ಹಿಂದ ಮುಂದ ಆಡಾಕತ್ತಿದ್ರ ಜಗತ್ತಿನ ಯಾವ ಸೀಲೂ ನಿಲ್ಲಂಗಿಲ್ಲ. ಡಯಲ್ ಗೇಜ್ ಹಚ್ಚಿ ನೋಡಾಕ ಹೇಳ್ರಿ.

ಅನಾಬಾಂಡ್ ಬಗ್ಗೆ ನನ್ನ ತಕರಾರು ಹಳೇದು. ಅದು ಕೆಟ್ಟ ಸಾಮಾನಲ್ಲ, ಬಳಸೂ ಕೈ ಕೆಟ್ಟದ್ದು. ಚೇಂಬರಿಗೆ 2–3 ಎಂಎಂ ದಪ್ಪದ ಒಂದು ಎಳಿ ಸಾಕು, ಬೋಲ್ಟಿನ ತೂತಿನ ಒಳಬಾಜೂಕ ಹಾಯಬೇಕು, ಹತ್ತು ನಿಮಿಷದೊಳಗ ಕೂಡ್ರಸಬೇಕು, ಒಂದು ರಾತ್ರಿ ಬಿಡಬೇಕು. ದೋಸಿಗೆ ಬೆಣ್ಣಿ ಹಚ್ಚಿದಂಗ ಬಳದ್ರ ಹೊರಗ ಎಷ್ಟು ಹಿಂಡಿ ಬರತೈತೋ ಒಳಗೂ ಅಷ್ಟ ಹಿಂಡಿರ್ತೈತಿ, ಒಳಗಿಂದು ಕಿತ್ತು ಆಯಿಲ್ ಪಂಪಿನ ಜಾಳಿಗಿ ಹೋಗಿ ಕುಂಡರ್ತೈತಿ, ಲೀಕ್ ನಿಂತ ಸಂತೋಷದಾಗ ಬೇರಿಂಗ್ ಹಿಡೀತೈತಿ. ನಿಮ್ಮ ಚೇಂಬರ್ ಎಷ್ಟು ಸಲ ಬಿಚ್ಚಿ ಕೂಡ್ರಿಸ್ಯಾರೋ, ಆ ಜಾಳಿಗಿ ಒಮ್ಮೆ ನೋಡ್ರಿ ಅಂತ ನಾನಂತೂ ಹೇಳ್ತೀನಿ. ಟ್ಯಾಪೆಟ್ ಕವರಿನ ರಬ್ಬರ್ ಪ್ಯಾಕಿಂಗಿಗೆ ಸುತ್ತಲೂ ಹಚ್ಚೂದ ಬ್ಯಾಡ, ಕ್ಯಾಮ್ ಕ್ಯಾಪಿನ ಅರ್ಧಚಂದ್ರ ಇರೂ ಮೂಲಿಗೆ ಒಂದೊಂದು ಚುಕ್ಕಿ ಅಷ್ಟ. ಆ ಬೋಲ್ಟಿಗೆ 8–10 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್ ಸಾಕಾಗ್ತೈತಿ, ತಾಕತ್ತು ತೋರಿಸಿದ್ರ ಕವರ್ ಬಾಗಿ ನಡುವ ಬಾಯಿ ಬಿಡತೈತಿ. ಹುಳಿ ವಿನಿಗರ್ ವಾಸನಿ ಬರೂ ಸಿಲಿಕಾನ್ ಇದ್ರ ಬಚ್ಚಲಮನಿ ಸಂದಿಗೆ ಬಳಸ್ರಿ, ಇಂಜಿನ್ನಿಗೆ ಬ್ಯಾಡ.

ಹೆಡ್ ಪ್ಯಾಕಿಂಗ್ ನೀವು ಕೇಳಿಲ್ಲ, ಆದ್ರ ಇಂಜಿನ್ ಬಿಚ್ಚೂ ಪ್ರಸಂಗ ಬಂದ್ರ ಇರ್ಲಿ: ಮೂರು ಪದರಿನ ಸ್ಟೀಲ್ ಪ್ಯಾಕಿಂಗ್ ಹಾಕೂದಿದ್ರ ಫೇಸಿಂಗ್ ಕನ್ನಡಿ ಹಂಗ ನುಣುಪು ಬೇಕು, ಹಳೇ ಕಲ್ಲಿನ ಮಶೀನ್ ಫೇಸಿಂಗ್ ಮ್ಯಾಲೆ ಅದು ಕೂಡ್ರಂಗಿಲ್ಲ. ಬ್ಲಾಕಿನ ಬೋಲ್ಟ್ ತೂತಿನ್ಯಾಗ ಆಯಿಲ್ ನಿಂತಿದ್ರ ಗಾಳಿ ಹೊಡದು ಒಣಗಸ್ರಿ, ಇಲ್ಲಂದ್ರ ಟಾರ್ಕ್ ಪಾನಾ ಸುಳ್ಳ ಹೇಳತೈತಿ, ಕೆಲವು ಸಲ ಬ್ಲಾಕ್ ಸೀಳತೈತಿ.

20ಡಬ್ಲ್ಯೂ-50 ಹಾಕಿದ್ರ ಲೀಕ್ ಸ್ವಲ್ಪ ದಿನ ಕಮ್ಮಿ ಕಾಣ್ತೈತಿ, ದಪ್ಪ ಆಯಿಲ್ ನಿಧಾನ ಸೋರತೈತಿ ಅಷ್ಟ. ಮುಂಜಾನೆ ತಣ್ಣಗಿದ್ದಾಗ ಪ್ರೆಶರ್ ಏರಿ ಫಿಲ್ಟರ್ ರಿಂಗಿಗೆ ಹೆಚ್ಚು ಭಾರ ಬೀಳತೈತಿ, ಟರ್ಬೊಕ್ಕ ಆಯಿಲ್ ತಡಾ ಮುಟ್ಟತೈತಿ. ಬೇರಿಂಗ್ ಸಂದಿಗೆ ತಕ್ಕಂಗ ಆಯಿಲ್ ಆರಿಸಬೇಕು, ಲೀಕಿಗೆ ತಕ್ಕಂಗಲ್ಲ. ಸೋರತೈತಿ ಅಂತ ಅರ್ಧ ಲೀಟರ್ ಜಾಸ್ತಿ ಹಾಕೂ ರೂಢಿ ಇದ್ರ ಅದನ್ನೂ ಬಿಡ್ರಿ, ಕ್ರ್ಯಾಂಕ್ ಅದನ್ನ ಕಡದು ನೊರಿ ಮಾಡಿ ಬ್ರೀದರಿಗೆ ಕಳಸತೈತಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ತಮಾಷೆ ಅಲ್ಲ. ಟರ್ಬೊ ಹೌಸಿಂಗ್ ಜೋರು ಓಡಿದಾಗ 700 ಡಿಗ್ರಿ ದಾಟತೈತಿ, ಆಯಿಲ್ 200ರ ಮ್ಯಾಲೆ ಬೆಂಕಿ ಹತ್ತೂ ಆವಿ ಬಿಡಾಕ ಶುರು ಮಾಡತೈತಿ. ಲೀಕ್ ಟರ್ಬೊದ ಮ್ಯಾಲಿನ ಬಾಜೂಕ ಇದ್ರ, ಗೊತ್ತಾಗೂ ತನಕ ಘಾಟ್ ಕಡೆ ಹೋಗಬ್ಯಾಡ್ರಿ, ಗಾಡಿಯೊಳಗ ಬೆಂಕಿ ಆರಸೂ ಸಿಲಿಂಡರ್ ಇಡ್ರಿ.

ಚೇರ್ಮನ್ನರ ಸಲುವಾಗಿ ಸದ್ಯಕ್ಕ ಗಾಡಿ ಕೆಳಗ ದಪ್ಪ ರಟ್ಟು ಹಾಸ್ರಿ, ಅದರಿಂದ ನಿಮಗೂ ಉಪಯೋಗ ಐತಿ, ಹನಿ ಎಲ್ಲೆಲ್ಲಿ ಬಿದ್ದಾವು ಅಂತ ದಿನಾ ಪೆನ್ನಿಂದ ಗುರುತು ಹಾಕ್ರಿ, ಗಾಡಿಯ ಮುಂದಿನ ಬಾಜೂ ಯಾವುದು ಅಂತನೂ ಬರೀರಿ. ಬರೂ ಐತವಾರ ಆ ಮೂರು ಅಳತಿ ಮಾಡಿ, ಐಡಲ್‌ಗೆ ಎಷ್ಟು, ಮೂರನೇ ಗಿಯರಿನ್ಯಾಗ ಪೂರ್ತಿ ಬೂಸ್ಟಿಗೆ ಎಷ್ಟು ಅಂತ ಸೆಂಟಿಮೀಟರಿನ್ಯಾಗ ಬರದು, ಬ್ರೀದರ್ ನಿಪ್ಪಲ್ಲಿನ ಒಳಗಿನ ವ್ಯಾಸ ವರ್ನಿಯರ್ ಹಚ್ಚಿ ಅಳದು ಕಳಸ್ರಿ, ರಟ್ಟಿನ ಫೋಟೊನೂ ಕಳಸ್ರಿ. ಅಲ್ಲೀತನಕ ಗ್ಯಾರೇಜಿನವರಿಗೆ ಪಾನಾ ಕೆಳಗ ಇಡಾಕ ಹೇಳ್ರಿಪಾ.